ಗರ್ಭಪಾತದ ಬಗ್ಗೆ ಇಸ್ಲಾಂ ಮತ್ತು ಕ್ರೈಸ್ತ ಧರ್ಮ ಏನು ಹೇಳುತ್ತವೆ? ಪದೇ ಪದೇ ಕೇಳುವ ಪ್ರಶ್ನೆಗಳು

"ಇಸ್ಲಾಂನಲ್ಲಿ ಗರ್ಭಪಾತ ಹರಾಮ್ (ನಿಷಿದ್ಧ), ಅಲ್ಲಿಗೆ ಮಾತು ಮುಗೀತು." "ಕ್ರೈಸ್ತರು ಇದನ್ನು ಯಾವತ್ತೂ ಒಪ್ಪಿದ್ದಿಲ್ಲ." ಹೀಗೆ ಒಂದೇ ಸಾಲಿನಲ್ಲಿ ಉತ್ತರ ಕೊಡುವವರು ಬೇಕಾದಷ್ಟು ಜನ ಸಿಗುತ್ತಾರೆ. ಆದರೆ ಕೇಳುವವರಲ್ಲಿ ಎಷ್ಟೋ ಜನ ವಾದ ಮಾಡುವುದಕ್ಕೆ ಕೇಳುತ್ತಿರುವುದಿಲ್ಲ. ಕೈಯಲ್ಲಿ ಸ್ಕ್ಯಾನಿಂಗ್ ರಿಪೋರ್ಟ್ ಹಿಡಿದುಕೊಂಡು, ರಾತ್ರಿ ನಿದ್ದೆ ಬಾರದೆ ಕೇಳುತ್ತಿರುತ್ತಾರೆ. ಅವರಿಗೆ ಪೂರ್ತಿ ಉತ್ತರ ಸಿಗಬೇಕು.

ಎರಡೂ ಧರ್ಮಗಳು ಹೊಟ್ಟೆಯಲ್ಲಿರುವ ಜೀವವನ್ನು ಹಗುರವಾಗಿ ಕಾಣುವುದಿಲ್ಲ. ಅವುಗಳ ದಾರಿ ಬೇರೆಯಾಗುವುದು ಎರಡು ಕಡೆ. ಆ ಜೀವಕ್ಕೆ ಯಾವ ಹೊತ್ತಿನಿಂದ ಮನುಷ್ಯನ ಪೂರ್ತಿ ಹಕ್ಕು ಬರುತ್ತದೆ ಎಂಬುದು ಒಂದು. ತಾಯಿಗೆ ಆಪತ್ತು ಬಂದಾಗ ಏನು ಮಾಡಬೇಕು ಎಂಬುದು ಇನ್ನೊಂದು. ಜನ ಜಾಸ್ತಿ ಜಗಳ ಆಡುವುದು ಮೊದಲನೆಯದರ ಬಗ್ಗೆ. ನನ್ನ ಪ್ರಕಾರ ಎರಡನೆಯದೇ ದೊಡ್ಡದು.

ಕುರ್‌ಆನ್‌ನಲ್ಲಾಗಲಿ ಬೈಬಲ್‌ನಲ್ಲಾಗಲಿ ಗರ್ಭಪಾತದ ಬಗ್ಗೆ ನೇರವಾದ ಮಾತು ಇದೆಯಾ?

ಇಲ್ಲ. ಬೇರೆ ವಿಷಯ ಹೇಳುವ ವಚನಗಳನ್ನು ಹಿಡಿದು ವಿದ್ವಾಂಸರು ತೀರ್ಮಾನಕ್ಕೆ ಬಂದಿದ್ದಾರೆ.

ಕುರ್‌ಆನ್‌ನ 17ನೇ ಅಧ್ಯಾಯದ 31ನೇ ವಚನ, ಬಡತನಕ್ಕೆ ಹೆದರಿ ಮಕ್ಕಳನ್ನು ಕೊಲ್ಲಬೇಡಿ ಎನ್ನುತ್ತದೆ. ಇದು ಹುಟ್ಟಿದ ಮಕ್ಕಳ ಮಾತು. ಆದರೂ ಇದರ ನೆರಳು ಗರ್ಭದ ಮೇಲೂ ಬೀಳುತ್ತದೆ ಎಂದು ಹಲವು ಉಲಮಾಗಳು (ಇಸ್ಲಾಂ ಧರ್ಮದ ವಿದ್ವಾಂಸರು) ಹೇಳುತ್ತಾರೆ. ಚರ್ಚೆಗೆ ನಿಜವಾದ ಬುಡ 23ನೇ ಅಧ್ಯಾಯದ 12ರಿಂದ 14ನೇ ವಚನಗಳು. ಹನಿ, ಅಂಟಿಕೊಂಡ ಹೆಪ್ಪು, ಮಾಂಸದ ಮುದ್ದೆ, ಮೂಳೆ, ಮೂಳೆಯ ಮೇಲೆ ಮಾಂಸ, ಆಮೇಲೆ "ಮತ್ತೊಂದು ಸೃಷ್ಟಿ". ಮಗು ಹಂತ ಹಂತವಾಗಿ ಮನುಷ್ಯನಾಗುತ್ತದೆ ಎಂಬ ಇಸ್ಲಾಮಿಕ್ ಯೋಚನೆ ಇಲ್ಲಿಂದ ಶುರುವಾಗುತ್ತದೆ.

ಬೈಬಲ್‌ನಲ್ಲಿ ಜನ ಹೆಚ್ಚು ನೆನೆಯುವುದು 139ನೇ ಕೀರ್ತನೆಯನ್ನು. ತಾಯಿಯ ಹೊಟ್ಟೆಯಲ್ಲಿ ನನ್ನನ್ನು ರೂಪಿಸಿದವನು ನೀನೇ ಎಂದು ದೇವರನ್ನು ಹಾಡುವ ಭಾಗ ಅದು. ಯೆರೆಮೀಯನ ಮೊದಲ ಅಧ್ಯಾಯದಲ್ಲಿ, ಗರ್ಭದಲ್ಲಿ ರೂಪಿಸುವ ಮೊದಲೇ ನಿನ್ನನ್ನು ಬಲ್ಲೆ ಎಂದು ದೇವರು ಹೇಳುತ್ತಾನೆ. ಲೂಕನ ಸುವಾರ್ತೆಯಲ್ಲಿ ಮರಿಯಳ ದನಿ ಕೇಳಿ ಎಲಿಸಬೇತಳ ಹೊಟ್ಟೆಯಲ್ಲಿದ್ದ ಕೂಸು ನಲಿದಾಡುತ್ತದೆ.

ಕಾನೂನಿನ ಧಾಟಿಯಲ್ಲಿರುವುದು ವಿಮೋಚನಕಾಂಡದ 21ನೇ ಅಧ್ಯಾಯ ಮಾತ್ರ. ಗಂಡಸರ ಹೊಡೆದಾಟದಲ್ಲಿ ಬಸುರಿಗೆ ಏಟು ಬಿದ್ದು ಮಗು ಹೊರಬಂದರೆ ಏನು ಶಿಕ್ಷೆ ಎಂಬ ಮಾತು. ಹೀಬ್ರೂ ಪಾಠದಲ್ಲಿ, ಬೇರೆ ಹಾನಿ ಆಗದಿದ್ದರೆ ದಂಡ, ಹಾನಿ ಆದರೆ ಜೀವಕ್ಕೆ ಜೀವ. ಆ ಹಾನಿ ಬರೀ ತಾಯಿಗೋ ಮಗುವಿಗೂ ಸೇರಿಯೋ ಎಂಬ ತಕರಾರು ಇವತ್ತಿಗೂ ಇದೆ. ಹಳೆಯ ಗ್ರೀಕ್ ಪಾಠದಲ್ಲಿ, ರೂಪ ತಳೆಯದ ಮಗುವಾದರೆ ದಂಡ, ರೂಪ ತಳೆದದ್ದಾದರೆ ಜೀವಕ್ಕೆ ಜೀವ. ಚರ್ಚಿನ ಮೊದಲ ಶತಮಾನಗಳಲ್ಲಿ ಅನೇಕರು ಓದುತ್ತಿದ್ದದ್ದು ಈ ಗ್ರೀಕ್ ಪಾಠವನ್ನೇ. ಮುಂದೆ ಸಾವಿರಕ್ಕೂ ಹೆಚ್ಚು ವರ್ಷ ನಡೆದ ವಾದಕ್ಕೆ ಇದು ದಾರಿ ಮಾಡಿತು.

ಇಸ್ಲಾಂನಲ್ಲಿ 120 ದಿನ ಅಂತಾರಲ್ಲ, ಅದು ಎಲ್ಲಿಂದ ಬಂತು?

ಒಂದು ಹದೀಸ್‌ನಿಂದ, ಅಂದರೆ ಪ್ರವಾದಿ ಮುಹಮ್ಮದರದು ಎಂದು ದಾಖಲಾದ ಒಂದು ಮಾತಿನಿಂದ. ಪ್ರವಾದಿಯ ಸಂಗಾತಿ ಇಬ್ನ್ ಮಸ್‌ಊದ್ ಹೇಳಿದ ಈ ಹದೀಸ್ ಬುಖಾರಿ ಮತ್ತು ಮುಸ್ಲಿಂ ಎಂಬ ಹೆಸರಿನ ಎರಡೂ ಹದೀಸ್ ಸಂಗ್ರಹಗಳಲ್ಲಿದೆ. 40 ದಿನ ಒಂದು ಸ್ಥಿತಿ, ಮುಂದಿನ 40 ದಿನ ಇನ್ನೊಂದು, ಮತ್ತೆ 40 ದಿನ ಮತ್ತೊಂದು. ಆಮೇಲೆ ದೇವದೂತ ಬಂದು ರೂಹ್ (ಆತ್ಮ) ಊದುತ್ತಾನೆ. ಮೂರು ನಲವತ್ತು ಸೇರಿ 120. ಮುಸ್ಲಿಂ ಸಂಗ್ರಹದಲ್ಲೇ ಇರುವ ಇನ್ನೊಂದು ಹದೀಸ್ 42 ರಾತ್ರಿ ಕಳೆದ ಮೇಲೆ ದೇವದೂತ ಬಂದು ರೂಪ ಕೊಡುತ್ತಾನೆ ಎನ್ನುತ್ತದೆ. 40 ದಿನದ ಗಡಿ ಹಾಕುವವರು ಇದನ್ನು ಮುಂದಿಡುತ್ತಾರೆ.

ಹಾಗಾದರೆ 120 ದಿನದ ಒಳಗೆ ಆದರೆ ಸರಿ ಅಂತಾನಾ?

ಹಾಗೆ ಒಂದೇ ಮಾತಿನಲ್ಲಿ ಹೇಳುವುದು ತಪ್ಪು. ಸುನ್ನಿಗಳ ನಾಲ್ಕು ಮಝ್‌ಹಬ್‌ಗಳು (ಧರ್ಮಶಾಸ್ತ್ರದ ಪಂಥಗಳು) ಇಲ್ಲಿ ನಾಲ್ಕು ಕಡೆ ನಿಲ್ಲುತ್ತವೆ. ಒಂದೇ ಮಝ್‌ಹಬ್‌ನ ಒಳಗೂ ಒಮ್ಮತ ಇಲ್ಲ.

ಎಲ್ಲರಿಗಿಂತ ಬಿಗಿ ಮಾಲಿಕಿಗಳು. ಬೀಜ ಗರ್ಭದಲ್ಲಿ ನೆಲೆಯಾದ ಮೇಲೆ 40 ದಿನದ ಒಳಗೂ ಕೈ ಹಾಕುವಂತಿಲ್ಲ ಎಂಬುದು ಅವರಲ್ಲಿ ಹೆಚ್ಚಿನವರ ನಿಲುವು. ಹನಫಿಗಳಲ್ಲಿ ಹಳೆಯ ವಿದ್ವಾಂಸರು ಹಲವರು 120 ದಿನದವರೆಗೆ ಅನುಮತಿ ಕೊಟ್ಟರು. ಆದರೆ ಸುಮ್ನೆ ಬೇಡ ಅನ್ನಿಸಿತು ಅಂತ ತೆಗೆಸಿದರೆ ಅದು ತಪ್ಪೇ, ಕಾರಣ ಇರಬೇಕು ಎಂದವರೂ ಹನಫಿಗಳೇ. 1836ರಲ್ಲಿ ತೀರಿಕೊಂಡ ಡಮಾಸ್ಕಸ್‌ನ ಇಬ್ನ್ ಆಬಿದೀನ್ ಅಂಥ ಒಂದು ಕಾರಣವನ್ನು ಬರೆದಿಟ್ಟಿದ್ದಾರೆ. ಮನೆಯಲ್ಲಿ ಎದೆಹಾಲು ಕುಡಿಯುವ ಕೂಸಿದೆ. ತಾಯಿ ಮತ್ತೆ ಬಸುರಿಯಾಗಿ ಹಾಲು ಬತ್ತಿದೆ. ಹಾಲುಣಿಸುವ ದಾಯಿಯನ್ನು ಇಡಲು ಗಂಡನ ಹತ್ತಿರ ದುಡ್ಡಿಲ್ಲ. ಇರುವ ಕೂಸು ಸಾಯುವ ಭಯ. ಫಿಕ್ಹ್ (ಇಸ್ಲಾಮಿಕ್ ಧರ್ಮಶಾಸ್ತ್ರ) ಗ್ರಂಥದ ನಡುವೆ ಇಂಥ ಒಂದು ಮನೆ ಕಣ್ಣಿಗೆ ಬಿದ್ದಾಗ, ಇದನ್ನು ಬರೆದವರು ಜನರ ಕಷ್ಟ ನೋಡಿದ್ದರು ಅನ್ನಿಸುತ್ತದೆ.

ಶಾಫಿಗಳಲ್ಲಿ 40 ದಿನ ಅಂದವರೂ ಇದ್ದಾರೆ, 120 ಅಂದವರೂ ಇದ್ದಾರೆ. 1111ರಲ್ಲಿ ತೀರಿಕೊಂಡ ಇಮಾಂ ಘಝಾಲಿ ಶಾಫಿ. ಮೊದಲ ದಿನದಿಂದಲೇ ಇದು ಅಪರಾಧ, ಹಂತ ಏರಿದಂತೆ ಅಪರಾಧವೂ ಏರುತ್ತದೆ, ರೂಹ್ ಬಂದ ಮೇಲೆ ಇನ್ನೂ ಘೋರ ಎಂದರು. ಹಂಬಲಿಗಳಲ್ಲಿ ಹಲವರು 40 ದಿನದೊಳಗೆ ಮದ್ದು ಕುಡಿದು ಇಳಿಸಿಕೊಳ್ಳಲು ಅವಕಾಶ ಕೊಟ್ಟಿದ್ದಾರೆ.

120 ದಿನ ದಾಟಿದ ಮೇಲೆ ಮಾತ್ರ ಎಲ್ಲರದೂ ಒಂದೇ ಮಾತು: ಹರಾಮ್.

ಈ ದಿನಗಳನ್ನು ಡಾಕ್ಟರ್ ಹೇಳುವ ವಾರಗಳಿಗೆ ಹೇಗೆ ಹೊಂದಿಸುವುದು?

ಇಲ್ಲಿ ತುಂಬಾ ಜನ ಎಡವುತ್ತಾರೆ. ಡಾಕ್ಟರ್ ಲೆಕ್ಕ ಹಾಕುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ಫಿಕ್ಹ್‌ನ ಲೆಕ್ಕ ಗರ್ಭ ನಿಂತ ದಿನದಿಂದ. ನಡುವೆ ಸುಮಾರು ಎರಡು ವಾರದ ಅಂತರ ಇದೆ. 120 ದಿನ ಅಂದರೆ 17 ವಾರ ಮತ್ತು ಒಂದು ದಿನ. ಸ್ಕ್ಯಾನಿಂಗ್ ರಿಪೋರ್ಟ್‌ನಲ್ಲಿ ಅದು ಸುಮಾರು 19 ವಾರ ಅಂತ ಕಾಣುತ್ತದೆ. 40 ದಿನದ ಗಡಿ ರಿಪೋರ್ಟ್‌ನಲ್ಲಿ 8 ವಾರದ ಹತ್ತಿರ ಬರುತ್ತದೆ. ಮುಫ್ತಿಯನ್ನು (ಧರ್ಮಶಾಸ್ತ್ರ ನೋಡಿ ತೀರ್ಪು ಹೇಳುವವರನ್ನು) ಕೇಳುವಾಗ ಯಾವ ಲೆಕ್ಕದ ವಾರ ಎಂದು ಬಿಡಿಸಿ ಹೇಳಿ.

120 ದಿನ ಆದ ಮೇಲೆ ತಾಯಿಯ ಜೀವಕ್ಕೇ ಅಪಾಯ ಬಂದರೆ?

ಇವತ್ತಿನ ಉಲಮಾಗಳಲ್ಲಿ ಹೆಚ್ಚಿನವರು, ತಾಯಿಯನ್ನು ಉಳಿಸಲು ಬೇರೆ ದಾರಿಯೇ ಇಲ್ಲ ಎಂದು ನಂಬಿಕೆಯ ವೈದ್ಯರು ಹೇಳಿದರೆ ಅವಕಾಶ ಇದೆ ಎನ್ನುತ್ತಾರೆ. ಎರಡು ಕೇಡುಗಳಲ್ಲಿ ಸಣ್ಣದನ್ನು ಆರಿಸಿಕೊ ಎಂಬುದು ಫಿಕ್ಹ್‌ನ ಹಳೆಯ ಸೂತ್ರ. 1963ರಲ್ಲಿ ತೀರಿಕೊಂಡ ಕೈರೋದ ಅಲ್ ಅಝ್‌ಹರ್ ಇಸ್ಲಾಮಿಕ್ ವಿದ್ಯಾಪೀಠದ ಶೇಖ್ ಮಹಮೂದ್ ಶಲ್ತೂತ್ ಇದೇ ದಾರಿಯಲ್ಲಿ ವಾದಿಸಿದರು. ತಾಯಿ ಬುಡ, ಮಗು ಕೊಂಬೆ. ಅವಳಿಗೆ ಮನೆ ಇದೆ, ಮಕ್ಕಳಿದ್ದಾರೆ, ಅವಳ ಮೇಲೆ ಹಕ್ಕುಗಳೂ ಹೊಣೆಗಳೂ ಇವೆ.

ಹಿಂದೆ ಹೀಗಿರಲಿಲ್ಲ ಎಂಬುದೂ ಗೊತ್ತಿರಲಿ. ಇದೇ ಇಬ್ನ್ ಆಬಿದೀನ್ ಹೊಟ್ಟೆಯಲ್ಲಿ ಜೀವಂತ ಇರುವ ಮಗುವನ್ನು ಕತ್ತರಿಸಿ ತೆಗೆಯಲು ಒಪ್ಪಲಿಲ್ಲ. ತಾಯಿ ಸಾಯುತ್ತಾಳೆ ಎಂಬುದು ಬರೀ ಊಹೆ, ಊಹೆಗೆ ಒಂದು ಜೀವ ತೆಗೆಯಲಾಗದು ಎಂಬುದು ಆ ಕಾಲದ ಹನಫಿ ವಾದ. ಈಗ ರಕ್ತದೊತ್ತಡ, ಹೃದಯ, ಸೋಂಕು ಎಲ್ಲವನ್ನೂ ಅಳೆದು ನೋಡಬಹುದು. ಊಹೆ ಎಂದಿದ್ದದ್ದು ಖಚಿತವಾದಾಗ ಉತ್ತರವೂ ಬದಲಾಯಿತು. ಸೂತ್ರವನ್ನು ಬಿಡದೆ ತೀರ್ಪು ಬದಲಾದ ಈ ಬಗೆ ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ.

ಶಿಯಾಗಳು ಏನು ಹೇಳುತ್ತಾರೆ?

ಮೊದಲಿಂದಲೇ ನಿಷಿದ್ಧ ಎಂಬುದು ಮೂಲ ನಿಲುವು. ರೂಹ್ ಬರುವ ಮೊದಲು, ತಾಯಿಗೆ ಸಹಿಸಲಾಗದ ಕಷ್ಟ ಇದ್ದರೆ ವಿನಾಯಿತಿ. ಇರಾನ್ 2005ರಲ್ಲಿ ಕಾನೂನನ್ನೇ ಮಾಡಿತು. ಅದರಂತೆ ಮೂವರು ತಜ್ಞ ವೈದ್ಯರು ಹೇಳಬೇಕಿತ್ತು, ಸರ್ಕಾರಿ ವೈದ್ಯಕೀಯ ಸಂಸ್ಥೆ ಒಪ್ಪಬೇಕಿತ್ತು, ನಾಲ್ಕು ತಿಂಗಳು ದಾಟಿರಬಾರದಿತ್ತು, ಹೆಂಗಸಿನ ಒಪ್ಪಿಗೆ ಇರಬೇಕಿತ್ತು. 2021ರಲ್ಲಿ ಜನಸಂಖ್ಯೆ ಹೆಚ್ಚಿಸುವ ಹೊಸ ಕಾನೂನು ಬಂದು ಇದನ್ನು ಬಿಗಿ ಮಾಡಿತು.

ಕ್ರೈಸ್ತರು ಮೊದಲಿಂದಲೂ ವಿರೋಧಿಸುತ್ತಲೇ ಬಂದಿದ್ದಾರಾ?

ವಿರೋಧ ಹಳೆಯದು, ನಿಜ. ಚರ್ಚಿನ ತೀರಾ ಹಳೆಯ ಬರಹಗಳಲ್ಲಿ ಒಂದಾದ ದಿದಾಖೆಯಲ್ಲೇ, ಗರ್ಭಪಾತದಿಂದ ಮಗುವನ್ನು ಕೊಲ್ಲಬೇಡ ಎಂದಿದೆ. 314ರಲ್ಲಿ ಅಂಕಿರಾದಲ್ಲಿ ಸೇರಿದ ಬಿಷಪ್‌ಗಳ ಸಭೆ ಇದಕ್ಕೆ ಹತ್ತು ವರ್ಷದ ಪ್ರಾಯಶ್ಚಿತ್ತ ಇಟ್ಟಿತು.

ಪಾಪ ಎಂಬುದರಲ್ಲಿ ಭಿನ್ನಮತ ಇರಲಿಲ್ಲ. ಕೊಲೆಗೆ ಸಮವೇ ಎಂಬುದರಲ್ಲಿ ಇತ್ತು. ಸಂತ ಅಗಸ್ಟೀನ್ ರೂಪ ತಳೆಯದ ಭ್ರೂಣಕ್ಕೂ ರೂಪ ತಳೆದದ್ದಕ್ಕೂ ವ್ಯತ್ಯಾಸ ಮಾಡಿದರು. 13ನೇ ಶತಮಾನದಲ್ಲಿ ತೋಮಸ್ ಅಕ್ವಿನಾಸ್ ಅರಿಸ್ಟಾಟಲ್‌ನ ದಾರಿ ಹಿಡಿದು, ಮನುಷ್ಯನ ಆತ್ಮ ಬರುವುದು ದೇಹ ಒಂದು ಹದಕ್ಕೆ ಬಂದ ಮೇಲೆ ಎಂದರು. ಅಕ್ವಿನಾಸರ ಈ ಮಾತಿಗೂ ರೂಹ್ ಊದುವ ಹದೀಸ್‌ಗೂ ಎಷ್ಟು ಹತ್ತಿರ ಅಲ್ವಾ? ಎರಡು ಧರ್ಮಗಳೂ ನೂರಾರು ವರ್ಷ ಒಂದೇ ಬಗೆಯ ಪ್ರಶ್ನೆ ಕೇಳಿಕೊಂಡಿವೆ.

1588ರಲ್ಲಿ ಪೋಪ್ ಐದನೇ ಸಿಕ್ಸ್ಟಸ್ ಯಾವ ಹಂತದಲ್ಲಾದರೂ ಕೊಲೆಯೇ ಎಂದು ಕಟು ಆಜ್ಞೆ ಹೊರಡಿಸಿದರು. ಮೂರೇ ವರ್ಷದಲ್ಲಿ, 1591ರಲ್ಲಿ, ಪೋಪ್ ಹದಿನಾಲ್ಕನೇ ಗ್ರೆಗರಿ ಅದನ್ನು ಸಡಿಲಿಸಿ ಹಳೆಯ ವ್ಯತ್ಯಾಸವನ್ನು ಮತ್ತೆ ತಂದರು. ಕೊನೆಗೆ 1869ರಲ್ಲಿ ಪೋಪ್ ಒಂಬತ್ತನೇ ಪಯಸ್ ಆ ಗೆರೆಯನ್ನು ಅಳಿಸಿದರು. ಗರ್ಭ ನಿಂತ ಕ್ಷಣದಿಂದಲೇ ಮನುಷ್ಯಜೀವವನ್ನು ಕಾಪಾಡಬೇಕು ಎಂಬ ಕ್ಯಾಥೊಲಿಕ್ ಬೋಧನೆ ಅಂದಿನಿಂದ ಸಡಿಲಾಗಿಲ್ಲ.

ತಾಯಿ ಸಾಯುವ ಸ್ಥಿತಿಯಲ್ಲಿದ್ದರೂ ಕ್ಯಾಥೊಲಿಕ್ ಚರ್ಚ್ ಬೇಡ ಅನ್ನುತ್ತದಾ?

ಮಗುವನ್ನು ನೇರವಾಗಿ ಕೊಲ್ಲುವ ಕೆಲಸವನ್ನು ಯಾವ ಕಾರಣಕ್ಕೂ ಒಪ್ಪುವುದಿಲ್ಲ. ಆದರೆ ತಾಯಿಯ ಕಾಯಿಲೆಗೆ ಚಿಕಿತ್ಸೆ ಕೊಡುವಾಗ ಮಗು ಉಳಿಯದೆ ಹೋದರೆ, ಅದು ಗರ್ಭಪಾತ ಅಲ್ಲ. ಗರ್ಭಕೋಶಕ್ಕೆ ಕ್ಯಾನ್ಸರ್ ಆಗಿದೆ, ಕೋಶವನ್ನೇ ತೆಗೆಯಬೇಕು. ಬಸುರಿಯಾಗಿದ್ದರೂ ತೆಗೆಯಬಹುದು. ಮಗು ಅಂಡನಾಳದಲ್ಲಿ ನಿಂತಿದೆ, ನಾಳ ಒಡೆಯುವ ಹಾಗಿದೆ. ಆ ನಾಳದ ಭಾಗವನ್ನು ತೆಗೆಯಬಹುದು ಎಂಬುದು ಹೆಚ್ಚಿನ ಕ್ಯಾಥೊಲಿಕ್ ಚಿಂತಕರ ಮಾತು. ಉದ್ದೇಶ ಮಗುವಿನ ಸಾವಾಗಿರಬಾರದು, ಆ ಸಾವೇ ತಾಯಿಯನ್ನು ಉಳಿಸುವ ಉಪಾಯವೂ ಆಗಿರಬಾರದು.

ಕಾಯಿಲೆಗೂ ಬಸಿರಿಗೂ ಗೆರೆ ಎಳೆಯಲಾಗದ ಕಡೆ ಈ ನಿಯಮ ಕಷ್ಟಕ್ಕೆ ಸಿಲುಕುತ್ತದೆ. 2009ರ ಕೊನೆಯಲ್ಲಿ ಅಮೆರಿಕದ ಫೀನಿಕ್ಸ್‌ನ ಒಂದು ಕ್ಯಾಥೊಲಿಕ್ ಆಸ್ಪತ್ರೆಗೆ 11 ವಾರದ ಬಸುರಿ ಬಂದಳು. ಆಗಲೇ ನಾಲ್ಕು ಮಕ್ಕಳ ತಾಯಿ. ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ವಿಪರೀತ ಏರಿತ್ತು. ಬಸಿರು ಮುಂದುವರಿದರೆ ತಾಯಿ ಮಗು ಇಬ್ಬರೂ ಹೋಗುತ್ತಾರೆ ಎಂದು ವೈದ್ಯರು ಹೇಳಿದರು. ಆಸ್ಪತ್ರೆಯ ನೀತಿ ಸಮಿತಿಯಲ್ಲಿದ್ದ ಸನ್ಯಾಸಿನಿ ಗರ್ಭಪಾತಕ್ಕೆ ಒಪ್ಪಿದರು. ತಾಯಿ ಉಳಿದಳು. ಆ ಸನ್ಯಾಸಿನಿ ಬಹಿಷ್ಕಾರಕ್ಕೆ ಒಳಗಾದರು ಎಂದು ಬಿಷಪ್ ಹೇಳಿದರು. 2010ರ ಡಿಸೆಂಬರ್‌ನಲ್ಲಿ ಆಸ್ಪತ್ರೆಗಿದ್ದ ಕ್ಯಾಥೊಲಿಕ್ ಮಾನ್ಯತೆಯನ್ನೂ ತೆಗೆದರು. ಇದು ನೇರ ಕೊಲೆಯೋ, ಚಿಕಿತ್ಸೆಯೋ ಎಂದು ಕ್ಯಾಥೊಲಿಕ್ ಚಿಂತಕರೇ ಎರಡು ಪಾಲಾದರು.

ಇಸ್ಲಾಂಗೂ ಕ್ಯಾಥೊಲಿಕ್ ಬೋಧನೆಗೂ ಇರುವ ದೊಡ್ಡ ಅಂತರ ಇಲ್ಲೇ ಕಾಣುತ್ತದೆ. ಮುಫ್ತಿ ಎರಡು ಕೇಡುಗಳನ್ನು ಎದುರುಬದುರು ಇಟ್ಟು ತೂಗುತ್ತಾರೆ. ಕ್ಯಾಥೊಲಿಕ್ ಚಿಂತಕರು ಮಾಡುವ ಕೆಲಸ ಎಂಥದ್ದು, ಉದ್ದೇಶ ಏನು ಎಂದು ಮೊದಲು ನೋಡುತ್ತಾರೆ. ಕೆಲಸವೇ ಕೆಟ್ಟದ್ದಾದರೆ ತೂಗುವ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ. ಯಾರ ಜೀವವನ್ನೂ ಲೆಕ್ಕದ ಸರಕು ಮಾಡಬಾರದು ಎಂಬ ಅವರ ಕಾಳಜಿಯನ್ನು ನಾನು ಗೌರವಿಸುತ್ತೇನೆ. ಆದರೂ ಮಗು ಯಾವ ದಾರಿಯಲ್ಲೂ ಉಳಿಯುವುದಿಲ್ಲ ಎಂದು ಗೊತ್ತಿರುವಾಗ ತಾಯಿಯನ್ನೂ ಕಳೆದುಕೊಳ್ಳುವುದನ್ನು ನನ್ನಿಂದ ಒಪ್ಪಲು ಆಗುವುದಿಲ್ಲ.

ಐರ್ಲೆಂಡ್‌ನಲ್ಲಿ ಸವಿತಾ ಹಾಲಪ್ಪನವರ್ ತೀರಿಕೊಂಡದ್ದು ಈ ಬೋಧನೆಯಿಂದಲೇನಾ?

31 ವರ್ಷದ ದಂತವೈದ್ಯೆ ಸವಿತಾ 2012ರ ಅಕ್ಟೋಬರ್ 21ರಂದು ಗಾಲ್ವೇ ನಗರದ ಆಸ್ಪತ್ರೆಗೆ ಬೆನ್ನುನೋವಿನಿಂದ ಬಂದರು. 17 ವಾರದ ಬಸುರಿ. ಗರ್ಭ ನಿಲ್ಲುವುದಿಲ್ಲ ಎಂದು ವೈದ್ಯರೇ ಹೇಳಿದರು. ಹಾಗಿದ್ದರೆ ತೆಗೆದುಬಿಡಿ ಎಂದು ಅವರು ಕೇಳಿಕೊಂಡರು. ಮಗುವಿನ ಎದೆಬಡಿತ ಇದೆ, ಕಾನೂನು ಬಿಡುವುದಿಲ್ಲ ಎಂಬ ಉತ್ತರ ಬಂತು. ಇದು ಕ್ಯಾಥೊಲಿಕ್ ದೇಶದ ರೀತಿ ಎಂಬರ್ಥದ ಮಾತು ಆಡಿದ್ದನ್ನು ಆಸ್ಪತ್ರೆಯ ಸೂಲಗಿತ್ತಿಯೊಬ್ಬರು ತನಿಖೆಯಲ್ಲಿ ಒಪ್ಪಿಕೊಂಡರು. ಸೋಂಕು ರಕ್ತಕ್ಕೆ ಏರಿ ಅಕ್ಟೋಬರ್ 28ರಂದು ಸವಿತಾ ಹೋದರು.

ಆಸ್ಪತ್ರೆ ಸೋಂಕನ್ನು ಬೇಗ ಗುರುತಿಸಲಿಲ್ಲ ಎಂಬ ಲೋಪವೂ ತನಿಖೆಯಲ್ಲಿ ಹೊರಬಂತು. ಮಗುವಿನ ಜೀವ ತಾಯಿಯದಕ್ಕಿಂತ ದೊಡ್ಡದು ಎಂದು ಚರ್ಚ್ ಯಾವತ್ತೂ ಕಲಿಸಿಲ್ಲ, ತಾಯಿಗೆ ಬೇಕಾದ ಚಿಕಿತ್ಸೆಯನ್ನು ತಡೆಯುವುದಿಲ್ಲ ಎಂದು ಐರಿಷ್ ಬಿಷಪ್‌ಗಳು ಹೇಳಿಕೆ ಕೊಟ್ಟರು. ಪುಸ್ತಕದಲ್ಲಿ ಅದು ಹಾಗೇ ಇದೆ. ಆದರೆ ಆ ಬೋಧನೆಯ ನೆರಳಿನಲ್ಲಿ ಬರೆದ ಕಾನೂನು ವೈದ್ಯರ ಕೈ ನಡುಗಿಸಿತು. ಅವರು ಎದೆಬಡಿತ ನಿಲ್ಲಲಿ ಎಂದು ಕಾದರು. 2018ರ ಮೇ 25ರಂದು ಐರ್ಲೆಂಡ್‌ನ ಜನ ಶೇ 66.4 ಮತಗಳಿಂದ ಸಂವಿಧಾನದ ಆ ನಿಷೇಧವನ್ನು ತೆಗೆದುಹಾಕಿದರು.

ಪ್ರೊಟೆಸ್ಟಂಟರ ನಿಲುವು ಏನು?

ಅವರಲ್ಲಿ ಒಬ್ಬ ಪೋಪ್ ಇಲ್ಲ, ಹಾಗಾಗಿ ಒಂದು ನಿಲುವೂ ಇಲ್ಲ. ಅಮೆರಿಕದ ಯುನೈಟೆಡ್ ಚರ್ಚ್ ಆಫ್ ಕ್ರೈಸ್ಟ್ 1971ರಿಂದ ತೀರ್ಮಾನವನ್ನು ಹೆಂಗಸಿಗೆ ಬಿಡಬೇಕು ಎನ್ನುತ್ತಾ ಬಂದಿದೆ. ಇವಾಂಜೆಲಿಕಲ್ ಸಭೆಗಳಲ್ಲಿ ಹೆಚ್ಚಿನವು ಕಡು ವಿರೋಧಿಗಳು. ಚರ್ಚ್ ಆಫ್ ಇಂಗ್ಲೆಂಡ್ ಗರ್ಭಪಾತವನ್ನು ವಿರೋಧಿಸುತ್ತದೆ, ಕೆಲವೇ ಸಂದರ್ಭಗಳಲ್ಲಿ ಅದು ಒಪ್ಪತಕ್ಕದ್ದಾಗಬಹುದು ಎಂದೂ ಹೇಳುತ್ತದೆ.

ಇವತ್ತು ಅಮೆರಿಕದಲ್ಲಿ ವಿರೋಧದ ಮುಂಚೂಣಿಯಲ್ಲಿರುವ ಸದರ್ನ್ ಬ್ಯಾಪ್ಟಿಸ್ಟ್ ಸಭೆ 1971ರಲ್ಲಿ ಬೇರೆಯೇ ನಿರ್ಣಯ ಮಾಡಿತ್ತು. ಅತ್ಯಾಚಾರ, ಭ್ರೂಣದ ತೀವ್ರ ವೈಕಲ್ಯ, ತಾಯಿಯ ದೇಹಕ್ಕೆ ಮಾತ್ರವಲ್ಲ ಮನಸ್ಸಿಗೆ ಆಗುವ ಹಾನಿ ಇದ್ದರೂ ಕಾನೂನು ಅವಕಾಶ ಕೊಡಲಿ ಎಂದಿತ್ತು. 1980ರ ಹೊತ್ತಿಗೆ ಪೂರ್ತಿ ಉಲ್ಟಾ ನಿಲುವು. ಹತ್ತು ವರ್ಷದೊಳಗೆ ಇಷ್ಟು ಬದಲಾದದ್ದನ್ನು "ಸದಾಕಾಲದ ಬೋಧನೆ" ಅನ್ನುವವರು ಈ ಚರಿತ್ರೆಯನ್ನು ಓದಬೇಕು.

ಆರ್ಥೊಡಾಕ್ಸ್ ಚರ್ಚ್?

ಅಲ್ಲಿ ಹಂತಗಳ ಲೆಕ್ಕಕ್ಕೆ ಬೆಲೆ ಇಲ್ಲ. ರೂಪ ತಳೆದಿದೆಯೋ ಇಲ್ಲವೋ ಎಂಬ ಸೂಕ್ಷ್ಮ ನಮಗೆ ಬೇಡ ಎಂದು ನಾಲ್ಕನೇ ಶತಮಾನದಲ್ಲೇ ಸಂತ ಬೆಸಿಲ್ ಹೇಳಿದ್ದರು. ಆದರೆ ಆಚರಣೆಯಲ್ಲಿ ಕರುಣೆಗೆ ಜಾಗ ಇದೆ. ರಷ್ಯನ್ ಆರ್ಥೊಡಾಕ್ಸ್ ಚರ್ಚ್ 2000ದಲ್ಲಿ ಹೊರಡಿಸಿದ ದಾಖಲೆ, ತಾಯಿಯ ಜೀವಕ್ಕೆ ನೇರ ಅಪಾಯ ಇದ್ದಾಗ, ಅದರಲ್ಲೂ ಅವಳಿಗೆ ಬೇರೆ ಮಕ್ಕಳಿದ್ದಾಗ, ಪಾದ್ರಿಗಳು ಮೃದುವಾಗಿ ನಡೆದುಕೊಳ್ಳಲಿ ಎನ್ನುತ್ತದೆ. ಅವಳನ್ನು ಸಭೆಯಿಂದ ಹೊರಗೆ ಹಾಕಬಾರದು, ಪ್ರಾಯಶ್ಚಿತ್ತ ಮಾತ್ರ ಮಾಡಬೇಕು.

ಅತ್ಯಾಚಾರದಿಂದ ಬಸುರಿಯಾದರೆ?

ಹಲವು ಮುಸ್ಲಿಂ ವಿದ್ವಾಂಸರು 120 ದಿನದೊಳಗೆ ಅವಕಾಶ ಕೊಡುತ್ತಾರೆ. ಕೆಲವರು ಕೊಡುವುದಿಲ್ಲ. ಕ್ಯಾಥೊಲಿಕ್ ಚರ್ಚ್ ಒಪ್ಪುವುದಿಲ್ಲ. ಪ್ರೊಟೆಸ್ಟಂಟ್ ಸಭೆಗಳಲ್ಲಿ ಹಲವು ಒಪ್ಪುತ್ತವೆ.

2009ರಲ್ಲಿ ಬ್ರೆಜಿಲ್‌ನ ರೆಸಿಫೆಯಲ್ಲಿ ಒಂಬತ್ತು ವರ್ಷದ ಹುಡುಗಿ ಮಲತಂದೆಯ ಅತ್ಯಾಚಾರದಿಂದ ಅವಳಿಗಳನ್ನು ಹೊತ್ತಿದ್ದಳು. ಗರ್ಭಪಾತ ಮಾಡಿಸಿದ ತಾಯಿ ಮತ್ತು ವೈದ್ಯರಿಗೆ ಬಹಿಷ್ಕಾರ ಆಗಿದೆ ಎಂದು ಅಲ್ಲಿನ ಆರ್ಚ್‌ಬಿಷಪ್ ಬಹಿರಂಗವಾಗಿ ಹೇಳಿದರು. ಆಗ ವ್ಯಾಟಿಕನ್‌ನ ಜೀವನೀತಿ ಅಕಾಡೆಮಿಯ ಮುಖ್ಯಸ್ಥರೇ ವ್ಯಾಟಿಕನ್ ಪತ್ರಿಕೆಯಲ್ಲಿ ಬರೆದು, ಮೊದಲು ಆ ಹುಡುಗಿಯನ್ನು ಅಪ್ಪಿಕೊಳ್ಳಬೇಕಿತ್ತು ಎಂಬ ಧಾಟಿಯಲ್ಲಿ ಆಕ್ಷೇಪಿಸಿದರು. ಬೋಧನೆ ಬದಲಾಗಲಿಲ್ಲ. ಆದರೆ ನೊಂದ ಮಗುವಿನ ಮುಂದೆ ಮೊದಲ ಮಾತು ಯಾವುದಾಗಬೇಕು ಎಂಬ ಪ್ರಶ್ನೆ ಚರ್ಚಿನ ಒಳಗಿನಿಂದಲೇ ಬಂತು.

ಮಗುವಿಗೆ ಗಂಭೀರ ನ್ಯೂನತೆ ಇದೆ ಎಂದು ಗೊತ್ತಾದರೆ?

ಮಕ್ಕಾದ ಮುಸ್ಲಿಂ ವರ್ಲ್ಡ್ ಲೀಗ್‌ನ ಫಿಕ್ಹ್ ಮಂಡಳಿ 1990ರಲ್ಲಿ ಇದಕ್ಕೆ ತೀರ್ಪು ಕೊಟ್ಟಿದೆ. ನ್ಯೂನತೆ ತೀವ್ರವಾಗಿರಬೇಕು, ಚಿಕಿತ್ಸೆ ಇಲ್ಲದ್ದಾಗಿರಬೇಕು, ನಂಬಿಕಸ್ತ ವೈದ್ಯರ ಸಮಿತಿ ದೃಢಪಡಿಸಬೇಕು, ತಂದೆ ತಾಯಿ ಕೇಳಿರಬೇಕು, 120 ದಿನ ದಾಟಿರಬಾರದು. ತೊಂದರೆ ಏನೆಂದರೆ, ಎಷ್ಟೋ ನ್ಯೂನತೆಗಳು ಕಾಣುವುದು 18ರಿಂದ 20 ವಾರದ ಸ್ಕ್ಯಾನ್‌ನಲ್ಲಿ. ಅಷ್ಟು ಹೊತ್ತಿಗೆ ಗಡುವು ಮುಗಿದಿರುತ್ತದೆ, ಇಲ್ಲವೇ ಕೆಲವೇ ದಿನ ಉಳಿದಿರುತ್ತದೆ. ಕುಟುಂಬದಲ್ಲಿ ಆನುವಂಶಿಕ ಕಾಯಿಲೆ ಇದ್ದರೆ ಮೊದಲೇ ಪರೀಕ್ಷೆ ಮಾಡಿಸಿಕೊಳ್ಳುವುದು ಅದಕ್ಕೇ ಒಳ್ಳೆಯದು.

ಕ್ಯಾಥೊಲಿಕ್ ಬೋಧನೆ ನ್ಯೂನತೆಯನ್ನು ಕಾರಣವೆಂದು ಒಪ್ಪುವುದಿಲ್ಲ. ಬದುಕುವ ಸಾಧ್ಯತೆ ಇಲ್ಲದ ಮಗುವನ್ನೂ ಹೆತ್ತು, ಹೆಸರಿಟ್ಟು, ಬೀಳ್ಕೊಡಲಿ ಎನ್ನುತ್ತದೆ. ಈ ದಾರಿ ಹಿಡಿದು ನೆಮ್ಮದಿ ಕಂಡ ತಂದೆತಾಯಿಯರೂ ಇದ್ದಾರೆ. ಹಾಗೆ ಮಾಡಲು ಶಕ್ತಿ ಇಲ್ಲದವರನ್ನು ದೂಷಿಸುವ ಹಕ್ಕು ಹೊರಗಿನವರಿಗೆ ಇಲ್ಲ.

ಒಮ್ಮೆ ಮಾಡಿಸಿಕೊಂಡಾಗಿದೆ. ಕ್ಷಮೆ ಇದೆಯಾ?

ಇದೆ. ಎರಡೂ ಕಡೆ ಇದೆ.

ಇಸ್ಲಾಂನಲ್ಲಿ ತೌಬಾದ (ಪಶ್ಚಾತ್ತಾಪದ) ಬಾಗಿಲು ಮುಚ್ಚುವುದಿಲ್ಲ. ಹಂತ ಮೀರಿ ತೆಗೆಸಿದ್ದರೆ ಘುರ್ರಾ ಎಂಬ ಪರಿಹಾರ ಇದೆ. ಅದು ಪೂರ್ಣ ದಿಯಾದ (ಒಬ್ಬ ಮನುಷ್ಯನ ಜೀವಕ್ಕೆ ಕೊಡಬೇಕಾದ ಪರಿಹಾರದ) 20ರಲ್ಲಿ ಒಂದು ಪಾಲು, ಹಳೆಯ ಲೆಕ್ಕದಲ್ಲಿ ಐದು ಒಂಟೆ. ಶಾಫಿ ಮತ್ತು ಹಂಬಲಿಗಳಲ್ಲಿ ಇದರ ಜೊತೆಗೆ ಎರಡು ತಿಂಗಳು ಬಿಡದೆ ಉಪವಾಸದ ಕಫ್ಫಾರವೂ (ಪ್ರಾಯಶ್ಚಿತ್ತವೂ) ಬರುತ್ತದೆ. ನಿಮಗೆ ಯಾವುದು ಅನ್ವಯ ಎಂದು ನಿಮ್ಮ ಮಝ್‌ಹಬ್ ಬಲ್ಲವರನ್ನೇ ಕೇಳಿ.

ಕ್ಯಾಥೊಲಿಕ್ ಕಾನೂನಿನಲ್ಲಿ ಗರ್ಭಪಾತಕ್ಕೆ ತಾನಾಗಿ ಬೀಳುವ ಬಹಿಷ್ಕಾರ ಇದೆ. ಆದರೆ 18 ತುಂಬದವರಿಗೆ, ಇಂಥ ಶಿಕ್ಷೆ ಇದೆ ಎಂದೇ ತಿಳಿಯದವರಿಗೆ, ತೀವ್ರ ಭಯದ ಒತ್ತಡದಲ್ಲಿ ಮಾಡಿಸಿಕೊಂಡವರಿಗೆ ಅದು ಬೀಳುವುದಿಲ್ಲ. ಇದನ್ನು ಹೇಳುವವರು ಕಡಿಮೆ. 2016ರ ನವೆಂಬರ್‌ನಲ್ಲಿ ಪೋಪ್ ಫ್ರಾನ್ಸಿಸ್ ಈ ಪಾಪವನ್ನು ಕ್ಷಮಿಸುವ ಅಧಿಕಾರವನ್ನು ಎಲ್ಲ ಪಾದ್ರಿಗಳಿಗೂ ವಿಸ್ತರಿಸಿದರು. ಬಿಷಪ್ ಹತ್ತಿರ ಹೋಗಬೇಕಾಗಿಲ್ಲ. ಹತ್ತಿರದ ಚರ್ಚಿನಲ್ಲಿ ಪಾಪನಿವೇದನೆ ಮಾಡಿದರೆ ಸಾಕು.

ಗರ್ಭ ತಾನಾಗಿ ಹೋದರೆ ತಾಯಿಗೆ ಪಾಪ ತಟ್ಟುತ್ತದಾ?

ಖಂಡಿತ ಇಲ್ಲ. ಎರಡೂ ಧರ್ಮಗಳಲ್ಲಿ ಇಲ್ಲ. ಭಾರ ಎತ್ತಿದ್ದಕ್ಕೆ, ಪ್ರಯಾಣ ಮಾಡಿದ್ದಕ್ಕೆ ಅಂತ ಅವಳ ಮೇಲೆ ತಪ್ಪು ಹೊರಿಸುವವರ ಮಾತಿಗೆ ಧರ್ಮದ ಬೆಂಬಲ ಇಲ್ಲ. ನಾಲ್ಕು ತಿಂಗಳು ತುಂಬಿದ ಮಗುವಿಗೆ ಜನಾಝಾ ನಮಾಜ್ (ಅಂತ್ಯಕ್ರಿಯೆಯ ಪ್ರಾರ್ಥನೆ) ಮಾಡಬಹುದು ಎಂದು ಹಂಬಲಿಗಳು ಹೇಳುತ್ತಾರೆ. ದೀಕ್ಷಾಸ್ನಾನ ಆಗದೆ ಹೋದ ಕೂಸುಗಳನ್ನು ದೇವರ ಕರುಣೆಗೆ ಒಪ್ಪಿಸುತ್ತೇವೆ ಎಂದು ಕ್ಯಾಥೊಲಿಕ್ ಧರ್ಮೋಪದೇಶ ಹೇಳುತ್ತದೆ. ಅವು ಉದ್ಧಾರ ಕಾಣುತ್ತವೆ ಎಂದು ಆಶಿಸಲು ಆಧಾರ ಇದೆ ಎಂದು 2007ರಲ್ಲಿ ವ್ಯಾಟಿಕನ್‌ನ ದೈವಶಾಸ್ತ್ರ ಆಯೋಗವೂ ಬರೆದಿದೆ.

ಈಗಲೇ ತೀರ್ಮಾನ ಮಾಡಬೇಕಾಗಿದೆ. ಯಾರನ್ನು ಕೇಳಲಿ, ಏನು ಹೇಳಲಿ?

ಮೊದಲು ಡಾಕ್ಟರ್. ಎಷ್ಟು ವಾರ, ಯಾರಿಗೆ ಎಷ್ಟು ಅಪಾಯ, ಕಾದರೆ ಏನಾಗುತ್ತದೆ, ಬೇರೆ ಚಿಕಿತ್ಸೆ ಇದೆಯಾ, ಇಷ್ಟನ್ನು ಬರೆಸಿಕೊಳ್ಳಿ. ಆ ಕಾಗದ ಹಿಡಿದುಕೊಂಡು ಮುಫ್ತಿಯನ್ನೋ ಪಾದ್ರಿಯನ್ನೋ ನೋಡಿ. "ಗರ್ಭಪಾತ ಮಾಡಿಸಬಹುದಾ" ಎಂದಷ್ಟೇ ಕೇಳಿದರೆ "ಬೇಡ" ಎಂಬ ಉತ್ತರ ಬರುತ್ತದೆ. ನಿಮ್ಮ ಸ್ಥಿತಿಯನ್ನು ಪೂರ್ತಿ ಹೇಳಿ. ಹೆಂಗಸಿನ ಪ್ರಶ್ನೆಯನ್ನು ಗಂಡನೋ ಅತ್ತೆಯೋ ಹೋಗಿ ಕೇಳುವುದಕ್ಕಿಂತ ಅವಳೇ ಕೇಳುವುದು, ಇಲ್ಲವೇ ಅವಳು ಜೊತೆಗಿರುವುದು ಒಳ್ಳೆಯದು. ಒಬ್ಬರ ಉತ್ತರ ಸರಿ ಅನ್ನಿಸದಿದ್ದರೆ ಇನ್ನೊಬ್ಬರನ್ನು ಕೇಳಿ, ಅದರಲ್ಲಿ ತಪ್ಪಿಲ್ಲ.

ಜ್ವರ, ಜಾಸ್ತಿ ರಕ್ತಸ್ರಾವ, ತಡೆಯಲಾಗದ ಹೊಟ್ಟೆನೋವು ಇದ್ದರೆ ಯಾರ ಅಭಿಪ್ರಾಯಕ್ಕೂ ಕಾಯಬೇಡಿ, ನೇರವಾಗಿ ಆಸ್ಪತ್ರೆಗೆ ಹೋಗಿ. ತಾಯಿಯ ಕಾಯಿಲೆಗೆ ತುರ್ತು ಚಿಕಿತ್ಸೆ ಕೊಡಲು ಎರಡು ಧರ್ಮಗಳಲ್ಲಿ ಯಾವುದೂ ಅಡ್ಡ ಬರುವುದಿಲ್ಲ.